ಗುವಾಂಗ್‌ಝೌನಲ್ಲಿ ನಮ್ಮ ಮೊದಲ ವರ್ಷ

"ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಿ" ಎಂಬ ಮಾತನ್ನು 2018ರ ಆಗಸ್ಟ್‌ನಲ್ಲಿ ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿರಬೇಕು. ಬೀಳ್ಕೊಡಲು ತಿಲಕ್‌ನಗರದ ನಮ್ಮ ಮನೆಗೆ ಬಂದ ಬಂಧುಗಳು, ಶಾಲೆಯ ಸಹೋದ್ಯೋಗಿಗಳು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಕೊಳ್ಳುವಾಗ ಸಿಕ್ಕಿದ ಹಳೆಯ ವಿದ್ಯಾರ್ಥಿನಿ, ಎಲ್ಲರದ್ದೂ ಅದೇ ಮಾತು. ಹದೀಸ್ ವಿದ್ವಾಂಸರು ಇದರ ವರದಿಯ ಸರಪಳಿ ದುರ್ಬಲ ಎಂದಿದ್ದಾರೆ. ಇದು ಪ್ರವಾದಿ(ಸ)ರ ವಚನವೇ ಅಲ್ಲ ಎಂದವರೂ ಇದ್ದಾರೆ. ನಾನು ಮದರಸಾದಲ್ಲಿ ಕಲಿತವಳು, ಅನಂತರ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಮಾಡಿದವಳು. ಹಾಗಾಗಿ ಬಂದವರನ್ನೆಲ್ಲ ಕೂರಿಸಿಕೊಂಡು ತಿದ್ದುತ್ತಿದ್ದೆ. ಅಮ್ಮಿ ಮಾತ್ರ ನಗುತ್ತಾ, "ಸರಿ ಮಗಳೇ, ನೀನು ಕಲಿಸಲಿಕ್ಕೆ ಹೋಗುತ್ತಿದ್ದೀಯೋ, ಕಲಿಯಲಿಕ್ಕೋ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಸಿಗಲು ಒಂದು ವರ್ಷ ಬೇಕಾಯಿತು.

ನನ್ನ ಪತಿಯದು ವಿದ್ಯುತ್ ದೀಪಗಳ ಖರೀದಿಯ ಕೆಲಸ. ಬೆಂಗಳೂರಿನ ಅಂಗಡಿಗಳಲ್ಲಿ ತೂಗುವ ಅಲಂಕಾರದ ದೀಪಗಳಲ್ಲಿ ಎಷ್ಟೋ ಗುವಾಂಗ್‌ಡಾಂಗ್ ಪ್ರಾಂತದ ಗುಝೆನ್ ಎಂಬ ಪಟ್ಟಣದಿಂದ ಬರುತ್ತವೆ. ಆ ಪಟ್ಟಣಕ್ಕೆ ಓಡಾಡಲು ಅನುಕೂಲವೆಂದು ನಾವು ಗುವಾಂಗ್‌ಝೌನಲ್ಲಿ ಮನೆ ಹಿಡಿದೆವು. ಹದಿನಾಲ್ಕನೇ ಅಂತಸ್ತು. ಜೊತೆಯಲ್ಲಿ ಹನ್ನೆರಡು ವರ್ಷದ ಮಗಳು, ಐದು ವರ್ಷದ ಮಗ.

ಮಾಂಸ ಎಂದರೆ ಹಂದಿ

ಇಳಿದ 24 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಹೋಗಿ ವಿಳಾಸ ದಾಖಲಿಸುವುದು ವಿದೇಶೀಯರ ಮೊದಲ ಕೆಲಸ. ಎರಡನೆಯದು ಹೊಟ್ಟೆಯ ಚಿಂತೆ. ಚೀನೀ ಭಾಷೆಯಲ್ಲಿ 'ರೊವ್' ಎಂದರೆ ಮಾಂಸ. ಆದರೆ ಯಾವ ಮಾಂಸವೆಂದು ಹೇಳದೆ ಬರೀ 'ರೊವ್' ಎಂದರೆ ಅಲ್ಲಿ ಹಂದಿ ಮಾಂಸವೆಂದೇ ಅರ್ಥ. ಬಿಸ್ಕತ್ತು, ಬನ್ನುಗಳಲ್ಲೂ ಹಂದಿಯ ಕೊಬ್ಬು ಇರಬಹುದು. ಮೊದಲ ತಿಂಗಳು ನಾವು ಅನ್ನ, ಮೊಟ್ಟೆ, ಬೆಂಗಳೂರಿನಿಂದ ಒಯ್ದ ಉಪ್ಪಿನಕಾಯಿ, ಇಷ್ಟರಲ್ಲೇ ದಿನ ಕಳೆದೆವು.

ಭಾಷೆಯದು ಇನ್ನೊಂದು ಪಾಡು. 'ಮಾಯ್' ಎಂಬ ಒಂದೇ ಉಚ್ಚಾರ. ದನಿ ಇಳಿಸಿ ಏರಿಸಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದು. ವ್ಯಾಪಾರಕ್ಕೆಂದೇ ಬಂದ ನನ್ನ ಪತಿ ಎಷ್ಟೋ ದಿನ ಕೊಳ್ಳಲು ಹೋಗಿ ಮಾರುತ್ತೇನೆಂದು ಹೇಳಿ ನಗೆಪಾಟಲಾದರು. ಮಗಳು ಬೇಗ ಕಲಿತಳು. ತಮ್ಮನನ್ನು ಶಿಶುವಿಹಾರಕ್ಕೆ ಸೇರಿಸಿದಾಗ 'ಹಂದಿ ಮಾಂಸ ತಿನ್ನುವುದಿಲ್ಲ' ಎಂದು ಚೀನೀ ಅಕ್ಷರಗಳಲ್ಲಿ ಬರೆದುಕೊಟ್ಟವಳು ಅವಳೇ. ಅಲ್ಲಿನ ಶಿಕ್ಷಕಿ ಆ ಚೀಟಿಯನ್ನು ಅವನ ಕುರ್ಚಿಯ ಮೇಲಿನ ಗೋಡೆಗೆ ಅಂಟಿಸಿ, ವರ್ಷವಿಡೀ ಅವನಿಗೆ ಬೇರೆಯಾಗಿ ಮೊಟ್ಟೆ ತರಿಸುತ್ತಿದ್ದರು. ಆಕೆಗೆ ಯಾವ ಧರ್ಮವೂ ಇರಲಿಲ್ಲ. ಮಗುವಿನ ತಟ್ಟೆಯ ಬಗ್ಗೆ ನನಗಿದ್ದಷ್ಟೇ ಎಚ್ಚರ ಆಕೆಗೂ ಇತ್ತು.

ಮನೆಯ ಹಿಂದಿನ ಬೀದಿಯಲ್ಲಿ ಒಂದು ಹಸಿರು ಫಲಕ ಕಂಡಿತು. 'ಚಿಂಗ್‌ಜೆನ್' ಎಂದು ಎರಡು ಚೀನೀ ಅಕ್ಷರ, ಕೆಳಗೆ ಅರಬಿಯಲ್ಲಿ 'ಹಲಾಲ್'. ಚಿಂಗ್‌ಜೆನ್ ಎಂದರೆ ಶುದ್ಧ ಮತ್ತು ಸತ್ಯ. ಅಲ್ಲಿ ಮುಸ್ಲಿಮರ ಆಹಾರಕ್ಕೂ ಮಸೀದಿಗೂ ಅದೇ ಹೆಸರು. ಒಳಗೆ ಗಂಡ ಹಿಟ್ಟನ್ನು ಎಳೆದೆಳೆದು ದಾರದಂತೆ ಶಾವಿಗೆ ಮಾಡುತ್ತಿದ್ದ. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಹೆಂಡತಿ ಬಟ್ಟಲಿಗೆ ದನದ ಮಾಂಸದ ಸಾರು ಹಾಕುತ್ತಿದ್ದಳು. ಚೀನಾದ ಊರೂರುಗಳಲ್ಲಿ ಇಂತಹ ಅಂಗಡಿ ನಡೆಸುವ ಅನೇಕರಂತೆ ಅವರೂ ದೂರದ ಚಿಂಗ್‌ಹಾಯ್ ಪ್ರಾಂತದವರು, ಹುಯಿ ಮುಸ್ಲಿಮರು. ನಾನು ಸಲಾಮ್ ಹೇಳಿದೆ. ಆಕೆ ಮುಖವರಳಿಸಿ ತನ್ನ ರೀತಿಯಲ್ಲಿ 'ಸೇಲಿಯಾಮು' ಎಂದಳು. ಮಗಳು ಕಿಸಕ್ಕನೆ ನಕ್ಕಳು. ನಾನು ಗದರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ನಾನೂ ನಕ್ಕೆ. ತಜ್ವೀದ್ ಕಲಿಸಿದವಳಲ್ಲವೇ!

ಪಾರಸಿಯ ನೆಂಟಸ್ತಿಕೆ

ಗುವಾಂಗ್‌ಝೌ ಇಸ್ಲಾಮಿಗೆ ಹೊಸ ಊರಲ್ಲ. ಅರಬ್ ವರ್ತಕರು ಅದನ್ನು ಖಾನ್ಫೂ ಎಂದು ಕರೆಯುತ್ತಿದ್ದರು. ಹಳೆಯ ಪೇಟೆಯ ಹುವಾಯ್‌ಶೆಂಗ್ ಮಸೀದಿ ಚೀನಾದ ಅತಿ ಪ್ರಾಚೀನ ಮಸೀದಿಗಳಲ್ಲೊಂದು. ಹೆಸರಿನ ಅರ್ಥ 'ಮಹಾತ್ಮರ ಸ್ಮರಣೆ', ಅಂದರೆ ಪ್ರವಾದಿ(ಸ)ರ ಸ್ಮರಣೆ. ಅದರ ಮಿನಾರು 36 ಮೀಟರ್ ಎತ್ತರ. ಹೆಸರು ಗುವಾಂಗ್‌ತಾ, ಬೆಳಕಿನ ಗೋಪುರ. ಹಿಂದೆ ಹಡಗುಗಳಿಗೆ ದಾರಿ ತೋರಿಸುತ್ತಿದ್ದ ದೀಪಸ್ತಂಭವೂ ಅದೇ. ರೈಲು ನಿಲ್ದಾಣದ ಕಡೆ ಇರುವ ಶಿಯಾನ್‌ಶಿಯಾನ್ ಮಸೀದಿಯ ಅಂಗಳದ ಗೋರಿ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರದ್ದೆಂದು ಜನ ನಂಬುತ್ತಾರೆ. ಆದರೆ ಅವರು ಮದೀನಾದ ಬಳಿಯ ಅಕೀಕ್‌ನಲ್ಲಿ ನಿಧನರಾಗಿ ಬಕೀಅ್‌ನಲ್ಲಿ ದಫನಾದರೆಂದು ನಮ್ಮ ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಅಲ್ಲಿ ಶುಕ್ರವಾರ ಆಫ್ರಿಕನ್ನರು, ಅರಬರು, ಉಯ್ಘರರು, ಹುಯಿಗಳು, ನಮ್ಮಂಥ ಹಿಂದೂಸ್ತಾನಿಗಳು ಒಂದೇ ಸಾಲಿನಲ್ಲಿ ನಿಲ್ಲುವುದನ್ನು ನೋಡುವಾಗ ಕಣ್ಣು ತುಂಬಿ ಬರುತ್ತಿತ್ತು.

ಶಾವಿಗೆ ಅಂಗಡಿಯ ಆಕೆಯನ್ನು ನಾನು 'ಜಿಯೆಜಿಯೆ', ಅಂದರೆ ಅಕ್ಕ ಎಂದು ಕರೆಯತೊಡಗಿದೆ. ಒಮ್ಮೆ ಮಧ್ಯಾಹ್ನ ಬಾಗಿಲು ಅರ್ಧ ಮುಚ್ಚುತ್ತಾ ಆಕೆ 'ನಾಯ್‌ಮಾಜಿ' ಎಂದಳು. ನಮಾಝ್! ಇನ್ನೊಮ್ಮೆ 'ಆಬುದೇಸಿ' ಎಂದಳು. ಅದು ಆಬ್‌ದಸ್ತ್, ಅಂದರೆ ವುಝೂ. ಅಲ್ಲಾಹನಿಗೆ 'ಹೂದಾ', ಉಪವಾಸಕ್ಕೆ 'ರೋವ್‌ಜಿ', ಸ್ನೇಹಿತನಿಗೆ 'ದೋಸ್ತಿ'. ಮಗಳು ಚೀನೀ ಭಾಷೆಯಲ್ಲಿ ಕೇಳಿ ಬರೆದುಕೊಂಡಳು. ಐದು ಹೊತ್ತಿನ ನಮಾಝಿಗೂ ಅವರಲ್ಲಿ ಬಾಮ್‌ದಾದ್, ಪೇಶೀನ್, ದೀಗರ್, ಶಾಮ್, ಖುಫ್ತನ್ ಎಂಬ ಪಾರಸಿ ಹೆಸರುಗಳೇ ಚೀನೀ ಉಚ್ಚಾರದಲ್ಲಿ ಉಳಿದಿವೆ. ನಮ್ಮ ದಖನಿ ಮನೆಗಳ ನಮಾಝ್, ರೋಝಾ, ಖುದಾ, ದೋಸ್ತ್ ಬಂದದ್ದೂ ಪಾರಸಿಯಿಂದಲೇ. ಸಲಾತ್, ಸೌಮ್ ಎಂಬ ಅರಬಿ ಪದಗಳನ್ನು ನಾವು ಬದಲಿಸಿಕೊಂಡದ್ದು ಶುದ್ಧವಾಗಿದ್ದರೆ ಆಕೆಯದು ಅಶುದ್ಧವಾಗುವುದು ಹೇಗೆ? ನನ್ನ ನಗು ಅಂದೇ ಅರ್ಧ ಇಳಿಯಿತು.

ಹೆನಾನ್ ಪ್ರಾಂತದಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಮಸೀದಿಗಳಿವೆ. ಕಾಯ್‌ಫೆಂಗ್ ನಗರದ ಒಂದು ಮಹಿಳಾ ಮಸೀದಿ 1820ರಷ್ಟು ಹಳೆಯದು. ಅಲ್ಲಿ ಓದು ಕಲಿಸುವವರೂ, ಹೆಂಗಸರ ನಮಾಝಿಗೆ ನೇತೃತ್ವ ಕೊಡುವವರೂ 'ಅಹೊಂಗ್' ಎಂಬ ಮಹಿಳಾ ಗುರುಗಳು. ಇದನ್ನು ತಿಳಿದಾಗ ನೆನಪಾದದ್ದು ನಮ್ಮ ಹೊನ್ನಾವರ. 14ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಇಬ್ನ್ ಬತೂತಾ, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರು ಎಂದು ಬರೆದಿದ್ದಾರೆ. ಅವರೇ ಮುಂದೆ ಚೀನಾಕ್ಕೂ ಹೋದರು. ಅಲ್ಲಿನ ವೈಭವ ಅವರ ಮನಸ್ಸಿಗೆ ಹಿಡಿಸಲಿಲ್ಲ. ಮುಸ್ಲಿಮರು ಕಣ್ಣಿಗೆ ಬಿದ್ದಾಗ ಮಾತ್ರ ಸ್ವಂತ ಮನೆಯವರು ಸಿಕ್ಕಷ್ಟು ಸಂತೋಷವಾಗುತ್ತಿತ್ತಂತೆ.

ಎಲ್ಲವೂ ಸುಂದರವಾಗಿತ್ತು ಎಂದರೆ ಸುಳ್ಳಾದೀತು. ಮಾರ್ಚ್‌ನಲ್ಲಿ ಗೋಡೆಗಳೇ ಬೆವತು ನೀರಿಳಿಯುವ ಸೆಖೆ. 2019ರಲ್ಲಿ ಒಂದು ಬೆಳಗ್ಗೆ ಅಂಗಡಿಯ ಫಲಕದ ಅರಬಿ ಅಕ್ಷರಗಳ ಮೇಲೆ ಹಸಿರು ಕಾಗದ ಅಂಟಿಸಲಾಗಿತ್ತು. ಆ ವರ್ಷ ಬೀಜಿಂಗ್‌ನಲ್ಲೂ ಹೀಗೆ ಅರಬಿ ಫಲಕಗಳನ್ನು ತೆಗೆಸಿದರು. ಜಿಯೆಜಿಯೆ ಅದರ ಬಗ್ಗೆ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಉಯ್ಘರ್ ಸಹೋದರ ಸಹೋದರಿಯರನ್ನು ಶಿನ್‌ಜಿಯಾಂಗ್‌ನಲ್ಲಿ ಕೂಡಿಹಾಕಿದ್ದರ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗ ಆ ಹಸಿರು ಕಾಗದ ನೆನಪಾಗಿ ಊಟ ಸೇರಲಿಲ್ಲ.

ಸಾವಿನ ಮನೆಗೆ ಊಟ

2019ರ ಜುಲೈ. ಮೊದಲ ವರ್ಷ ಮುಗಿಯುತ್ತಾ ಬಂದಿತ್ತು. ವಾಸದ ಪರವಾನಗಿ ನವೀಕರಿಸಲು ನಾಲ್ವರ ಪಾಸ್‌ಪೋರ್ಟುಗಳನ್ನೂ ಕಚೇರಿಗೆ ಕೊಟ್ಟಿದ್ದೆವು. ಕೈಯಲ್ಲಿ ರಸೀತಿ ಮಾತ್ರ. ಫಜ್ರ್ ಮುಗಿಸಿ ಕೂತಿದ್ದೆ. ಬೆಂಗಳೂರಿನಲ್ಲಿ ಆಗ ರಾತ್ರಿ ಮೂರು ಗಂಟೆ. ತಮ್ಮನ ಕರೆ ಬಂತು. ಅಮ್ಮಿ ಹೊರಟುಹೋಗಿದ್ದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಡುವಂತಿರಲಿಲ್ಲ. ಝುಹ್ರ್ ನಮಾಝಿನ ನಂತರ ದಫನ್ ಆಯಿತು. ಚೀನಾದಲ್ಲಿ ವಾಟ್ಸಾಪ್ ನಡೆಯುವುದಿಲ್ಲವೆಂದು ಅಮ್ಮಿಯ ಫೋನಿಗೆ ವೀಚಾಟ್ ಹಾಕಿಸಿದ್ದೆವು. ಅದೇ ಫೋನಿನಲ್ಲಿ ತಮ್ಮ ಅವರ ಮುಖ ತೋರಿಸಿದ. ಹದಿನಾಲ್ಕನೇ ಅಂತಸ್ತಿನಲ್ಲಿ ನಾನು ಗೋಡೆಗೊರಗಿ ಕೂತಿದ್ದೆ. ನಮ್ಮ ಬೀದಿಯಾಗಿದ್ದರೆ ಇಷ್ಟು ಹೊತ್ತಿಗೆ ಮನೆ ತುಂಬ ಹೆಂಗಸರಿರುತ್ತಿದ್ದರು.

ಅಂದು ಸಂಜೆ ಬಾಗಿಲು ತಟ್ಟಿದ ಸದ್ದು. ಮಗಳು ಅಂಗಡಿಗೆ ಓಡಿ ಸುದ್ದಿ ಹೇಳಿದ್ದಳು. ಜಿಯೆಜಿಯೆ ಇನ್ನಿಬ್ಬರು ಹೆಂಗಸರೊಂದಿಗೆ ನಿಂತಿದ್ದಳು. ಕೈಯಲ್ಲಿ ಸಾರಿನ ಪಾತ್ರೆ, ಬಟ್ಟೆಯಲ್ಲಿ ಸುತ್ತಿದ ಯೊವ್‌ಶಿಯಾಂಗ್. ಅದು ಹಬ್ಬಕ್ಕೂ ಸಾವಿಗೂ ಹುಯಿಗಳು ಎಣ್ಣೆಯಲ್ಲಿ ಕರಿಯುವ ದಪ್ಪ ರೊಟ್ಟಿ. ನನ್ನನ್ನು ಕೂರಿಸಿ, ತಾನೇ ಬಟ್ಟಲಿಗೆ ಬಡಿಸಿ, ಮಕ್ಕಳಿಗೆ ತಿನ್ನಿಸಿ, ಕೈಯೆತ್ತಿ ದುಆ ಮಾಡಿದಳು. ಒತ್ತಕ್ಷರಗಳೆಲ್ಲ ಒಡೆದು ಹೋದ ಅದೇ ಉಚ್ಚಾರ. ನಾನು 'ಆಮೀನ್' ಎಂದೆ. ಆ ದಿನ ಬೇರೆ ಯಾವ ಮಾತೂ ನನ್ನ ಬಾಯಿಂದ ಸರಿಯಾಗಿ ಬಂದಿರಲಿಲ್ಲ.

ಹಝ್ರತ್ ಜಅಫರ್(ರ) ಮೂತಾ ಯುದ್ಧದಲ್ಲಿ ಹುತಾತ್ಮರಾದಾಗ, ಅವರ ಮನೆಯವರು ದುಃಖದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳಿಸಿ ಎಂದು ಪ್ರವಾದಿ(ಸ) ಹೇಳಿದ್ದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿಲ್ಲ! ನನ್ನ ಪಾಲಿಗೆ ಅದು ಉಲ್ಲೇಖ ಸಮೇತ ಗೊತ್ತಿದ್ದ ಹದೀಸ್. ಆಕೆ ಅದನ್ನು ಪಾತ್ರೆಯಲ್ಲಿ ತುಂಬಿಕೊಂಡು ಹದಿನಾಲ್ಕು ಅಂತಸ್ತು ಮೇಲೆ ತಂದಿದ್ದಳು. ರಾತ್ರಿ ಮಗಳು ತಾನಾಗಿಯೇ ಹೇಳಿದಳು, "ಅಮ್ಮಿ, ಮೊದಲ ದಿನ ನಾನು ನಗಬಾರದಿತ್ತು." "ನಾನೂ" ಎಂದೆ.

ನಾವು ಎರಡನೆಯ ವರ್ಷ ಪೂರ್ತಿ ಮಾಡಲಿಲ್ಲ. 2020ರ ಜನವರಿಯಲ್ಲಿ ಚೀನೀ ಹೊಸ ವರ್ಷದ ರಜೆಗೆಂದು ಬೆಂಗಳೂರಿಗೆ ಬಂದವರು ಕೊರೊನಾದಿಂದಾಗಿ ಇಲ್ಲೇ ಉಳಿದೆವು. ಮಾರ್ಚ್‌ನಲ್ಲಿ ಚೀನಾ ವಿದೇಶೀಯರಿಗೆ ಬಾಗಿಲು ಮುಚ್ಚಿತು. ಜೂನ್‌ನಲ್ಲಿ ಭಾರತದಲ್ಲಿ ವೀಚಾಟ್ ನಿಷೇಧವಾಯಿತು. ಜಿಯೆಜಿಯೆಯ ಸಂಪರ್ಕ ಅಲ್ಲಿಗೆ ಕಡಿದುಹೋಯಿತು.

ಈಗ ನಮ್ಮ ಬೀದಿಯ ಬಾಡಿಗೆ ಕೋಣೆಗಳಲ್ಲಿ ಅಸ್ಸಾಮ್, ಬಂಗಾಳದ ಕುಟುಂಬಗಳಿವೆ. ಬಿಟಿಎಂ, ಜೆ.ಪಿ. ನಗರದ ಮನೆಗಳಲ್ಲಿ ಕೆಲಸ ಮಾಡಿ ಸಂಜೆ ಮರಳುವ ಹೆಂಗಸರು. ಅವರ ಸಲಾಮಿನ ಧಾಟಿ ಕೇಳಿ ನಗುವವರು ನಮ್ಮಲ್ಲೂ ಇದ್ದಾರೆ. ಕಳೆದ ಚಳಿಗಾಲದಲ್ಲಿ ಅವರಲ್ಲೊಬ್ಬಳ ತಂದೆ ಊರಿನಲ್ಲಿ ತೀರಿಕೊಂಡರು. ಹೋಗಿ ಬರಲು ಅವಳಲ್ಲಿ ರೈಲಿನ ದುಡ್ಡೂ ಇರಲಿಲ್ಲ, ರಜೆಯೂ ಇರಲಿಲ್ಲ. ನಾನು ಅನ್ನ, ಸಾರು ಮಾಡಿದೆ. ಪಾತ್ರೆ ಎತ್ತಿಕೊಂಡವಳು ಮಗಳು. ಸಹೋದರಿಯರೇ, ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಬಾಗಿಲು ತಟ್ಟಲು ಚೀನಾಕ್ಕೆ ಹೋಗಿ ಕಲಿತು ಬರಬೇಕಾಗಿಲ್ಲ. ನಾನು ಮಾತ್ರ ಅಷ್ಟು ದೂರ ಹೋಗಬೇಕಾಯಿತು.