ಗಾಳಿಯ ಮೂಟೆ

ಗಾಳಿಯನ್ನು ಮೂಟೆ ಕಟ್ಟಲಾದೀತೇ ಎಂದು ಅಸಾಧ್ಯವಾದ ಕಾರ್ಯಗಳನ್ನು ಕುರಿತು ಹಾಸ್ಯ ಮಾಡುವುದುಂಟು. ಆದರೆ ಬೈಸಿಕಲ್ಲನ್ನೇರಿ ಹೋಗುವ ಪ್ರತಿಯೊಬ್ಬನೂ ಅಂತಹ ಎರಡು ಮೂಟೆಗಳ ಮೇಲೆಯೇ ಸವಾರಿ ಮಾಡುತ್ತಿರುವನು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲಿಯೇ ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದಿದ್ದನು; ಲೋಕವು ಅದನ್ನು ಮರೆಯಿತು. ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಗಾಲಿಯ ಬಂಡಿಗೆಂದು ಅದನ್ನು ಹೊಸದಾಗಿ ಕಂಡುಹಿಡಿದು, 1888ರಲ್ಲಿ ತನ್ನ ಹೆಸರಿಗೆ ಹಕ್ಕು ಪಡೆದನು. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಸುಲಭವಾಗಿ ಕಳಚಿ ತೊಡಿಸಬಹುದಾದ ಟಯರನ್ನು ಮಾಡಿದರು. ಹೊರಗೆ ಒರಟಾದ ಟಯರು, ಒಳಗೆ ಮೃದುವಾದ ಟ್ಯೂಬು ಎಂಬ ಈ ಏರ್ಪಾಡಿನಲ್ಲಿಯೇ ನಮ್ಮ ತಂದೆಯವರ ಕಾಲವೂ ನಮ್ಮ ಕಾಲವೂ ಉರುಳಿದವು.

ಈಗ ಮಕ್ಕಳ ಕಾಲ. ನನ್ನ ಮಗಳು ತನ್ನ ಮೊದಲ ಸಂಬಳದಲ್ಲಿ ಗುಡ್ಡ ಹತ್ತುವ ಬೈಸಿಕಲ್ಲೊಂದನ್ನು ಕೊಳ್ಳಲು ನಿಶ್ಚಯಿಸಿದಳು. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಮೆರಿನ್ ಜಿಲ್ಲೆಯಲ್ಲಿ, ಟಮಲ್‌ಪಾಯಿಸ್ ಎಂಬ ಬೆಟ್ಟದ ಆಸುಪಾಸಿನ ಇಳಿಜಾರುಗಳಲ್ಲಿ, 1970ರ ದಶಕದ ಯುವಕರು ಹಳೆಯ ದಪ್ಪ ಗಾಲಿಯ ಸೈಕಲ್ಲುಗಳನ್ನು ಓಡಿಸಿ ಆಡಿದ ಆಟದಿಂದ ಹುಟ್ಟಿದ ವಾಹನವಿದು. 1996ರ ಒಲಿಂಪಿಕ್ ಕ್ರೀಡೆಗಳಲ್ಲಿ ಇದರ ಪಂದ್ಯಕ್ಕೂ ಸ್ಥಾನ ದೊರೆಯಿತು. ಅಂಗಡಿಯವನು, “ಟ್ಯೂಬು ಇರುವ ಗಾಲಿಯೋ, ಟ್ಯೂಬಿಲ್ಲದ ಗಾಲಿಯೋ?” ಎಂದು ಕೇಳಿದನಂತೆ. ಅವಳು ಮನೆಗೆ ಬಂದು, “ಅಪ್ಪಾ, ನೀವು ಮೂವತ್ತು ವರ್ಷ ಸೈಕಲ್ಲಿನಲ್ಲಿಯೇ ಶಾಲೆಗೆ ಹೋದವರು. ನೀವೇನು ಹೇಳುತ್ತೀರಿ?” ಎಂದಳು.

ಪ್ರಶ್ನೆ ಚಿಕ್ಕದು. ಆದರೆ ನನಗೆ ಅದು ಚಿಕ್ಕದಾಗಿ ಕಾಣಲಿಲ್ಲ. ಅವಳು ಹೋಗುವುದು ಚಿತ್ರದುರ್ಗದ ಸುತ್ತಣ ಕುರುಚಲು ಗುಡ್ಡಗಳ ಕಾಲುದಾರಿಯಲ್ಲಿ, ಸೂರ್ಯೋದಯಕ್ಕೆ ಮುಂಚೆ, ಬಹುಮಟ್ಟಿಗೆ ಒಬ್ಬಳೇ. ಹತ್ತು ಹನ್ನೆರಡು ಕಿಲೋಮೀಟರುಗಳ ಆಚೆ ಗಾಲಿ ಕೈಕೊಟ್ಟರೆ ಅಲ್ಲಿ ಅಂಗಡಿಯಿಲ್ಲ. ಕೆಲವು ಕಣಿವೆಗಳಲ್ಲಿ ಮೊಬೈಲು ಫೋನಿಗೂ ಉತ್ತರವಿಲ್ಲ. ಹೋಗಬೇಡವೆನ್ನಲು ನನಗೆ ಮನಸ್ಸಿರಲಿಲ್ಲ. ಹೋದವಳು ಹೇಗೆ ಹಿಂದಿರುಗುವಳೆಂಬ ಚಿಂತೆಯನ್ನು ಬಿಡುವ ಶಕ್ತಿಯೂ ಇರಲಿಲ್ಲ. ಆದುದರಿಂದ ವಿಷಯವನ್ನು ಆದ್ಯಂತವಾಗಿ ವಿಚಾರಿಸಿದೆನು.

ಟ್ಯೂಬಿಗೆ ಶತ್ರುಗಳು ಇಬ್ಬರು. ಮೊದಲನೆಯದು ಮುಳ್ಳು. ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಹೊರನಾಡಿನಿಂದ ಬಂದು ಇಲ್ಲಿ ಬೇರೂರಿರುವ ಬಳ್ಳಾರಿ ಜಾಲಿಯ ಮುಳ್ಳು ಪಾದರಕ್ಷೆಯನ್ನೇ ತೂರಿಹೋಗಬಲ್ಲುದು. ನೆಲಕ್ಕಂಟಿ ಹಬ್ಬುವ ನೆಗ್ಗಿಲು ಮತ್ತೊಂದು. ವೈದ್ಯರು ಗೋಕ್ಷುರವೆಂದು ಆದರಿಸುವ ಈ ಮೂಲಿಕೆ ಅಮೆರಿಕೆಗೂ ಹೋಗಿ ಹಬ್ಬಿದೆ. ಅಲ್ಲಿಯ ಜನ ಇದನ್ನು ಪಂಕ್ಚರಿನ ಬಳ್ಳಿಯೆಂದೇ ಕರೆಯುವರು. ಎರಡನೆಯ ಶತ್ರು ಕಲ್ಲು. ಗಾಲಿಯು ವೇಗದಿಂದ ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಪಕ್ಕಪಕ್ಕದಲ್ಲಿ ಎರಡು ತೂತುಗಳಾಗುವುವು. ಹಲ್ಲಿನ ಗುರುತಿನಂತಿರುವ ಈ ಗಾಯಕ್ಕೆ ಸವಾರರು ಹಾವಿನ ಕಡಿತವೆಂದು ಹೆಸರಿಟ್ಟಿದ್ದಾರೆ. ಅದನ್ನು ತಪ್ಪಿಸಲು ಗಾಳಿಯನ್ನು ಬಿಗಿಯಾಗಿ, ಸುಮಾರು 30ರಿಂದ 35 ಪೌಂಡಿನವರೆಗೆ, ತುಂಬಬೇಕು. ಬಿಗಿಯಾದ ಗಾಲಿಯಾದರೋ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುವುದಲ್ಲದೆ ನೆಲವನ್ನು ಹಿಡಿಯಲಾರದು. ಇಳಿಜಾರಿನ ತಿರುವಿನಲ್ಲಿ ಇದು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಟ್ಯೂಬಿಲ್ಲದ ಗಾಲಿಯಲ್ಲಿ ಟಯರಿನ ಅಂಚು ರಿಮ್ಮಿಗೆ ಭದ್ರವಾಗಿ ಕಚ್ಚಿಕೊಂಡು ತಾನೇ ಗಾಳಿಯನ್ನು ಹಿಡಿದಿಡುವುದು. ಮೋಟಾರುಗಳಲ್ಲಿ ಇದು ಎಷ್ಟೋ ಕಾಲದಿಂದ ಬಳಕೆಯಲ್ಲಿದೆ; ಗುಡ್ಡದ ಸೈಕಲ್ಲಿಗೆ ಇದನ್ನು ಒಂದು ಪದ್ಧತಿಯಾಗಿ ಅಳವಡಿಸಿದುದು 1999ರಲ್ಲಿ, ಫ್ರಾನ್ಸಿನ ಮಾವಿಕ್ ಕಂಪೆನಿಯವರು. ಇಂದು ಇಂತಹ ಟಯರಿನೊಳಕ್ಕೆ ಸುಮಾರು 100 ಮಿಲಿಲೀಟರು ರಬ್ಬರಿನ ಹಾಲನ್ನು ಸುರಿಯುವುದು ರೂಢಿ. ಸುಳ್ಯದ ಕಡೆಯ ತೋಟಗಳಲ್ಲಿ ರಬ್ಬರು ಮರದ ತೊಗಟೆಯನ್ನು ಗೀರಿದಾಗ ಹಾಲು ಒಸರಿ, ಕೊನೆಗೆ ಗಾಯದ ಮೇಲೆಯೇ ಹೆಪ್ಪುಗಟ್ಟುವುದನ್ನು ವಾಚಕರು ನೋಡಿರಬಹುದು. ಇಲ್ಲಿಯೂ ನಡೆಯುವುದು ಹೆಚ್ಚು ಕಡಮೆ ಅದೇ. ಮುಳ್ಳು ಚುಚ್ಚಿದೊಡನೆ ಗಾಳಿಯು ಹಾಲನ್ನು ತೂತಿಗೆ ನೂಕುವುದು. ಹಾಲು ಅಲ್ಲಿ ಹೆಪ್ಪುಗಟ್ಟಿ ತೂತನ್ನು ಮುಚ್ಚುವುದು. ಸವಾರನಿಗೆ ಎಷ್ಟೋ ವೇಳೆ ಇದರ ಅರಿವೇ ಆಗದು. ಅಮುಕಿಹೋಗಲು ಒಳಗೆ ಟ್ಯೂಬೇ ಇಲ್ಲವಾದ ಕಾರಣ ಗಾಳಿಯನ್ನು 20-25 ಪೌಂಡಿಗೆ ಇಳಿಸಬಹುದು. ಗಾಲಿಯು ಕಲ್ಲನ್ನು ತಬ್ಬಿಕೊಂಡು ಸಾಗುವುದು.

ಇಷ್ಟು ಗುಣವುಳ್ಳದ್ದಕ್ಕೆ ದೋಷವಿಲ್ಲದಿರುವುದೇ? ಆ ಹಾಲು ಆರುವ ವಸ್ತು. ನಮ್ಮ ಬೇಸಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬದಿದ್ದರೆ ಒಳಗೆ ಒಣಗಿದ ಪೊರೆಯಷ್ಟೇ ಉಳಿಯುವುದು. ಹೊರಗಿನಿಂದ ನೋಡಿದರೆ ಗಾಲಿಗೆ ಯಾವ ಕೊರತೆಯೂ ಕಾಣದು. ಹೊಸ ಟಯರನ್ನು ಕೂಡಿಸುವಾಗ ಗಾಳಿಯು ಒಮ್ಮೆಗೇ ರಭಸದಿಂದ ನುಗ್ಗಬೇಕು. ಕೈಪಂಪಿನಿಂದ ಅದು ಪ್ರಾಯಶಃ ಸಾಧ್ಯವಾಗದು. ಚೂಪಾದ ಕಲ್ಲು ಟಯರಿನ ಪಕ್ಕವನ್ನು ಸೀಳಿದರೆ ಯಾವ ಹಾಲೂ ನಿಲ್ಲಲಾರದು.

ನಮ್ಮ ಬೀದಿಯ ಸೈಕಲ್ ಷಾಪಿನ ಸಾಹೇಬರನ್ನು ವಿಚಾರಿಸಿದೆನು. ತೇಪೆ ಹಾಕುವುದರಲ್ಲಿ ತಲೆ ನರೆತವರು ಅವರು. ಟ್ಯೂಬಿಲ್ಲದ ಗಾಲಿ ಹೆಚ್ಚಿದಷ್ಟೂ ಅವರ ಸಂಪಾದನೆ ಕಡಮೆಯಾಗುವುದು. ಆದುದರಿಂದ ಉತ್ತರವನ್ನು ಮೊದಲೇ ಊಹಿಸಿದ್ದೆನು.

“ಮೇಷ್ಟ್ರೇ, ಟ್ಯೂಬನ್ನು ನೀರಿನಲ್ಲಿ ಅದ್ದಿದರೆ ಗುಳ್ಳೆ ಬಿಟ್ಟು ಎಲ್ಲಿ ತೂತು ಅಂತ ತಾನೇ ಹೇಳುತ್ತೆ. ಇದರ ಹೊಟ್ಟೆಯೊಳಗೆ ಏನಾಗಿದೆಯೋ ಯಾರಿಗೆ ಗೊತ್ತು?” ಎಂದರು.

“ಹಾಗಾದರೆ ಟ್ಯೂಬೇ ಸರಿ ಎನ್ನುವಿರಾ, ಸಾಹೇಬರೇ?”

ಅವರು ಕೈಯಲ್ಲಿದ್ದ ಸಲ್ಯೂಷನ್ನಿನ ಡಬ್ಬಿಯನ್ನು ಕೆಳಗಿಟ್ಟರು. “ನೀವು ಪೇಟೆಗೆ ಹೋಗಿಬರಲು ಟ್ಯೂಬೇ ಸಾಕು. ಆದರೆ ಮಗು ಹೋಗೋದು ಗುಡ್ಡಕ್ಕೆ. ನಾನು ಅಲ್ಲಿ ಅಂಗಡಿ ಇಟ್ಟಿಲ್ಲವಲ್ಲ, ಸ್ವಾಮಿ.”

ಆ ಒಂದು ಮಾತಿನಿಂದ ನನ್ನ ವಿಚಾರವೆಲ್ಲವೂ ಒಂದು ನೆಲೆಗೆ ಬಂದಿತು. ಈ ಎರಡು ಬಗೆಯ ಗಾಲಿಗಳೂ ಸವಾರನಿಂದ ಶ್ರಮವನ್ನು ಬೇಡುವುವು. ಬೇಡುವ ಸ್ಥಳ ಮಾತ್ರ ಬೇರೆ. ಟ್ಯೂಬು ಮನೆಯಲ್ಲಿ ಏನನ್ನೂ ಕೇಳದು; ದಾರಿಯ ನಡುವೆ, ಬಿಸಿಲಿನಲ್ಲಿ, ಇದ್ದಕ್ಕಿದ್ದಂತೆ ಕೇಳುವುದು. ಟ್ಯೂಬಿಲ್ಲದ ಗಾಲಿ ತನ್ನ ಬಾಕಿಯನ್ನು ಮನೆಯಲ್ಲಿ, ನಿಯಮಿತ ಕಾಲದಲ್ಲಿ, ವಸೂಲು ಮಾಡುವುದು. ಆಲಸ್ಯವುಳ್ಳವನಿಗೆ ಅದು ಹಿತವಲ್ಲ. ಅಂಗಡಿಗಳ ನಡುವೆಯೇ ಓಡಾಡುವವನಿಗೆ ಅದರ ಅವಶ್ಯಕತೆಯೂ ಇಲ್ಲ. ಮುಳ್ಳಿನ ದಾರಿಯಲ್ಲಿ ದೂರ ಹೋಗುವವರಿಗೆ, ಅದರಲ್ಲಿಯೂ ಒಂಟಿಯಾಗಿ ಹೋಗುವವರಿಗೆ, ಅದೇ ಮೇಲು.

ಮಗಳಿಗೆ ಹಾಗೆಯೇ ಹೇಳಿದೆನು. ಜೊತೆಗೆ ಒಂದು ಕರಾರನ್ನೂ ಹಾಕಿದೆನು. ಟ್ಯೂಬಿಲ್ಲದ ಗಾಲಿಯನ್ನು ಕೊಂಡರೂ ಚೀಲದಲ್ಲಿ ಒಂದು ಟ್ಯೂಬು, ಟಯರು ಬಿಚ್ಚುವ ಎರಡು ಲಿವರು, ಒಂದು ಕೈಪಂಪು ಇರತಕ್ಕದ್ದು. ಅವನ್ನು ಉಪಯೋಗಿಸುವ ವಿದ್ಯೆ ಅದಕ್ಕೂ ಮೊದಲು ಕೈಗೆ ಬರತಕ್ಕದ್ದು. ಅವಳು ನಕ್ಕು ಒಪ್ಪಿದಳು. ನಾಲ್ಕು ಭಾನುವಾರ ಸಾಹೇಬರ ಅಂಗಡಿಯ ಮುಂದೆ ಕುಳಿತು ಕೈ ಕಪ್ಪು ಮಾಡಿಕೊಂಡು ಕಲಿತಳು. ಅವರು ಗುರುದಕ್ಷಿಣೆಯನ್ನು ತೆಗೆದುಕೊಳ್ಳಲಿಲ್ಲ. ಚಹಾ ಮಾತ್ರ ಕುಡಿದರು.

ಇದಾಗಿ ಒಂದು ವರ್ಷವಾಯಿತು. ಮಾಘ ಮಾಸದ ಒಂದು ಬೆಳಿಗ್ಗೆ ಅವಳು ಹಿಂದಿರುಗಿದಾಗ ಟಯರಿನ ಮೈಮೇಲೆ ಹನ್ನೊಂದು ಕಡೆ ಬಿಳಿಯ ಚುಕ್ಕೆಗಳನ್ನು ಎಣಿಸಿದೆನು. ಒಂದೊಂದೂ ಒಂದೊಂದು ಮುಳ್ಳಿನ ಗುರುತು. ಅಷ್ಟು ಗಾಯಗಳಾದುದು ಅವಳಿಗೆ ತಿಳಿದೇ ಇರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಕಲ್ಲೊಂದು ಟಯರಿನ ಪಕ್ಕವನ್ನು ಸೀಳಿತು. ಅಂದು ಅವಳು ಸೀಳಿನ ಒಳಗಡೆ ಹತ್ತು ರೂಪಾಯಿನ ನೋಟೊಂದನ್ನು ಮಡಿಸಿಟ್ಟು, ಚೀಲದ ಟ್ಯೂಬನ್ನು ತೊಡಿಸಿ, ಮುಕ್ಕಾಲು ಗಂಟೆ ತಡವಾಗಿಯಾದರೂ ತಾನೇ ಸವಾರಿ ಮಾಡಿಕೊಂಡು ಮನೆಗೆ ಬಂದಳು. ಅವಳ ತಾಯಿ ಬಾಗಿಲಲ್ಲಿಯೇ ನಿಂತಿದ್ದಳು.

ವಾಚಕರಲ್ಲಿ ಯಾರಾದರೂ ಮಕ್ಕಳಿಗೆ ಇಂತಹ ಬೈಸಿಕಲ್ಲನ್ನು ಕೊಡಿಸುವವರಿದ್ದರೆ, ಅಂಗಡಿಗೆ ಹೋಗುವುದಕ್ಕೆ ಮುಂಚೆ ಅವರು ಹೋಗಲಿರುವ ದಾರಿಯನ್ನು ಒಮ್ಮೆ ನಡೆದು ನೋಡಿಬರುವುದು ಲೇಸು. ಮುಳ್ಳೆಷ್ಟು, ಕಲ್ಲೆಷ್ಟು, ಊರೆಷ್ಟು ದೂರವೆಂಬುದನ್ನು ದಾರಿಯೇ ತಿಳಿಸುವುದು. ನಮ್ಮ ಮನೆಯ ಗೋಡೆಯ ಪಂಚಾಂಗದಲ್ಲಿ ಈಗ ಏಕಾದಶಿ, ಅಮಾವಾಸ್ಯೆಗಳ ಜೊತೆಗೆ ಗಾಲಿಗೆ ಹಾಲು ಎರೆಯುವ ದಿನಕ್ಕೂ ಕೆಂಪು ಗುರುತು ಬಿದ್ದಿದೆ. ಮುಂದಿನದು ಯುಗಾದಿಯ ಮರುವಾರ.