ಒಂದು ರೆಸಿಸ್ಟರ್ ಕಿತ್ತ ಸುಖ

‘ಪ್ಯಾನೆಲ್ ಹೋಗಿದೆ’ ಎಂದು ಯಾರೋ ಕೈಬಿಟ್ಟ ಮಾನಿಟರಿಗೆ ಟಾರ್ಚನ್ನು ಓರೆಯಾಗಿ ಹಿಡಿದಾಗ, ಒಳಗೆ ಚಿತ್ರ ಮಸುಕಾಗಿ ಓಡಾಡುವುದು ಕಂಡರೆ ನನಗೆ ಆ ದಿನದ ಊಟ ರುಚಿಸುತ್ತದೆ. ಮೊನ್ನೆ ಪಕ್ಕದ ಬೀದಿಯ ಕಿರಾಣಿ ಅಂಗಡಿಯ 10 ಇಂಚಿನ ಸಿಸಿಟಿವಿ ಮಾನಿಟರ್ ಆ ಸುಖ ಕೊಟ್ಟಿತು. ಸತ್ತದ್ದು ಬ್ಯಾಕ್‌ಲೈಟ್ ಮಾತ್ರ.

ಬ್ಯಾಕ್‌ಲೈಟಿನ ಎಲ್‌ಇಡಿ ಸಾಲಿಗೆ ವೋಲ್ಟೇಜ್ ಏರಿಸಿಕೊಡುವ ಡ್ರೈವರಿನಲ್ಲಿ ನಾನು ಮೊದಲು ಮೀಟರ್ ಇಡುವುದು ಬೂಸ್ಟ್ ಡಯೋಡಿನ ಆಚೆಯ ಕೆಪಾಸಿಟರ್ ಮೇಲೆ. ಒಳಗೆ ಬಂದ 12 ವೋಲ್ಟ್ ಅಲ್ಲೂ ಹಾಗೇ ಕೂತಿದ್ದರೆ ಡ್ರೈವರ್ ಐಸಿ ಎದ್ದಿಲ್ಲ, ಎನೇಬಲ್ ಪಿನ್ ನೋಡಬೇಕು. ಏನೂ ಇಲ್ಲವೆಂದರೆ ಫ್ಯೂಸೋ ಕಾಯಿಲೋ. ಆನ್ ಮಾಡಿದ ಕೂಡಲೇ ಮುಳ್ಳು 40ರ ಹತ್ತಿರ ಜಿಗಿದು ಬಿತ್ತೋ, ಡ್ರೈವರಿನದು ತಪ್ಪೇ ಇಲ್ಲ. (ಇಲ್ಲಿ ಹಳೆಯ ಮುಳ್ಳಿನ ಮೀಟರೇ ವಾಸಿ, ಡಿಜಿಟಲ್ಲು ಅಂಕಿ ತೋರಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ.) 9 ಎಲ್‌ಇಡಿಗಳ ಸಾಲಿಗೆ ಬೇಕಾದದ್ದು 27–30 ವೋಲ್ಟ್. ಸಾಲು ಕಡಿದಿದೆ, ಕರೆಂಟ್ ಹರಿಯುತ್ತಿಲ್ಲ. ಪಾಪ, ಡ್ರೈವರ್ ವೋಲ್ಟೇಜ್ ಏರಿಸಿ ಏರಿಸಿ ಕೊನೆಗೆ ಬಾಗಿಲು ಹಾಕಿಕೊಂಡಿದೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಕಥೆಯೇ.

ಇಂಥದ್ದಕ್ಕೂ ಕೆಲವರು ಡ್ರೈವರ್ ಕಿತ್ತು ‘ಯೂನಿವರ್ಸಲ್’ ಬೋರ್ಡ್ ಕೂರಿಸುತ್ತಾರೆ. ಕಡಿದ ಸಾಲಿಗೆ ಯಾವ ಬೋರ್ಡ್ ಹಾಕಿದರೇನು, ತೀರ್ಥ ಹಾಕಿದರೇನು? ಆಮೇಲೆ ಎಲ್‌ಇಡಿಯನ್ನೂ ಬದಲಿಸಿ, ಡಿಮ್ಮಿಂಗ್ ವೈರನ್ನು ನೇರ 5 ವೋಲ್ಟಿಗೆ ಬೆಸೆದು, ‘ನೋಡಿ ಸಾರ್, ಹೊಸದಕ್ಕಿಂತ ಬ್ರೈಟು!’ ಎಂದು ಬೀಗುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಅಲ್ಲ ಮಾರಾಯರೆ, ಆ ಬ್ರೈಟೇ ಅಲ್ಲವೆ ಅದನ್ನು ಕೊಂದದ್ದು?

ಸುಟ್ಟ ಎಲ್‌ಇಡಿ ಬದಲಿಸಿದ ಮೇಲೆ ನಾನು ಮಾಡುವ ಕಿತಾಪತಿ ಬೇರೆ. ಫೀಡ್‌ಬ್ಯಾಕ್ ಪಿನ್ನಿನ ಪಕ್ಕ ಪ್ಯಾರಲಲ್ ಆಗಿ ಕೂತ ಜೋಡಿ ಸೆನ್ಸ್ ರೆಸಿಸ್ಟರುಗಳಿದ್ದರೆ ಅವುಗಳಲ್ಲಿ ಒಂದನ್ನು ಎತ್ತಿಬಿಡುತ್ತೇನೆ. ಎರಡೂ ಸಮನಾಗಿದ್ದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಕಣ್ಣಿಗೆ ಮಾತ್ರ ಬೆಳಕು ಅರ್ಧವಾದಂತೆ ಕಾಣುವುದೇ ಇಲ್ಲ. ಎಲ್‌ಇಡಿ ಪಟ್ಟಿ ಮುಟ್ಟಿದರೆ ಬೆರಳೂ ಸುಡುವುದಿಲ್ಲ.

ಕಿತ್ತ ಎಲ್‌ಇಡಿಯ ಹಳದಿ ಮುಖದ ನಡುವೆ ಕಪ್ಪು ಚುಕ್ಕೆಯಿತ್ತು. ಆ ಹಳದಿ ಫಾಸ್ಫರ್. ಅದರಡಿ ಇರುವುದು ನೀಲಿ ಚಿಪ್. ಎರಡೂ ಬೆರೆತೇ ಬಿಳಿ. ಕೆಂಪು, ಹಸಿರು ಎಲ್‌ಇಡಿ ಎಂದೋ ಬಂದಿದ್ದವು, ನೀಲಿ ದಶಕಗಟ್ಟಲೆ ಸತಾಯಿಸಿತು. ಬೇರೆಯವರು ಕೈಚೆಲ್ಲಿದ ಗ್ಯಾಲಿಯಂ ನೈಟ್ರೈಡನ್ನೇ ಹಿಡಿದು ಹೆಣಗಿದ ಅಕಾಸಾಕಿ, ಅಮಾನೊ, ನಕಮುರಾ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಅಷ್ಟು ಪಾಡುಪಟ್ಟು ತಂದ ಬೆಳಕನ್ನು ನಾವು ಅಕ್ಕಿ ಮೂಟೆ ಕಾಯಲು ಹಗಲೂ ರಾತ್ರಿ ನೂರಕ್ಕೆ ನೂರು ಉರಿಸುತ್ತೇವೆ.

ನಿಮ್ಮ ಮಾನಿಟರಿನ ಮೆನುವಿನಲ್ಲಿ ಬ್ರೈಟ್‌ನೆಸ್ ಎಷ್ಟಿದೆ ನೋಡಿ. 100 ಇದ್ದರೆ ಇವತ್ತೇ 60ಕ್ಕೆ ಇಳಿಸಿ.