ಗೆರೆ ತಿರುಗುವ ಜಾಗ

ಜಾತ್ರೆಯೋ ಮದುವೆಯೋ ಹುಟ್ಟುಹಬ್ಬವೋ, ರಾವಂದೂರಿನಲ್ಲಿ ಬಸ್ಸು ನಿಲ್ಲುವ ಕಡೆ ಯಾವ ಕಾಲಕ್ಕೂ ಒಂದು ಫ್ಲೆಕ್ಸ್ ನಿಂತಿರುತ್ತದೆ. ವಾಟ್ಸಾಪಿನಲ್ಲಿ ಬಂದ ಪುಟ್ಟ ಚಿತ್ರವನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದರಿಂದ ದೇವರ ಕಿರೀಟ ಚೌಕ ಚೌಕವಾಗಿ ಒಡೆದಿರುತ್ತದೆ. ಅದರ ಪಕ್ಕದ ಅಕ್ಷರಗಳ ಅಂಚು ಮಾತ್ರ ಚೊಕ್ಕ. ಒಂದೇ ಹಾಳೆಯಲ್ಲಿ ಹೀಗೇಕೆ ಎಂಬ ಕುತೂಹಲವೇ ನನ್ನನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ ಕಲಿಸುವ ಶಿಬಿರಕ್ಕೆ ಕರೆದೊಯ್ದಿತು.

ಹೊಗೆಸೊಪ್ಪು ಹದಮಾಡುವ ಗಡಿಬಿಡಿ ಮುಗಿದಿತ್ತು. ಹೈಸ್ಕೂಲು ಮಕ್ಕಳು, ಸ್ತ್ರೀಶಕ್ತಿ ಸಂಘದ ಹೆಂಗಸರು, ಕೋರೆಲ್ ಡ್ರಾದಲ್ಲಿ ಪಳಗಿದ ಫ್ಲೆಕ್ಸ್ ಅಂಗಡಿಯ ಹುಡುಗ, ಎಲ್ಲರೂ ಬಂದಿದ್ದರು. ಉತ್ತರ ಬೇಗ ಸಿಕ್ಕಿತು. ಫೋಟೋ ತನ್ನ ಒಂದೊಂದು ಚುಕ್ಕಿಯ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಆ ಅಕ್ಷರಗಳಂಥ ವೆಕ್ಟರ್ ಚಿತ್ರ ಗೆರೆ ಎಳೆಯುವ ಕ್ರಮವನ್ನು. ಕ್ರಮ ಗೊತ್ತಿದ್ದರೆ ಬೆರಳುಗುರಿನಷ್ಟಕ್ಕೂ ಗೋಡೆಯಷ್ಟಕ್ಕೂ ಅದೇ ನುಣುಪಿನಲ್ಲಿ ಬರೆಯಬಹುದು.

ಬಾಗಿದ ಗೆರೆ ಎಳೆಯುವ ಆ ಕ್ರಮ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಕಾರಿನ ಮೈಯ ಬಾಗು ಬಳುಕುಗಳನ್ನು ಲೆಕ್ಕದಲ್ಲಿ ಹಿಡಿಯುವ ದಾರಿಯನ್ನು 1959ರಲ್ಲೇ ಸಿಟ್ರೋಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ತಮ್ಮದನ್ನು ಪ್ರಕಟಿಸಿದರು. ಇಂದು ಆ ಗೆರೆಗೆ ಬೆಜಿಯೆ ಹೆಸರೇ ನಿಂತಿದೆ. ಹಂಚಿದ ವಿದ್ಯೆ ದೂರ ನಡೆಯುತ್ತದೆ. ಇಂಕ್‌ಸ್ಕೇಪ್ ಕೂಡ ಹಾಗೆಯೇ ಬಂದದ್ದು: ಸೋಡಿಪೋಡಿ ಎಂಬ ಮುಕ್ತ ತಂತ್ರಾಂಶದಿಂದ 2003ರಲ್ಲಿ ಕವಲೊಡೆದು, ಹಲವರ ಕೈಯಲ್ಲಿ ಬೆಳೆಯಿತು. ಪೆನ್‌ಡ್ರೈವಿನಲ್ಲಿ ತುಂಬಿ ಯಾರಿಗೆ ಬೇಕಾದರೂ ಕೊಡಬಹುದು, ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹಳ್ಳಿಗೆ ಇದು ಸಣ್ಣ ಮಾತಲ್ಲ.

ಮೊದಲ ಪಾಠ, ಊರ ಹೆಸರಿನ ಮೊದಲಕ್ಷರ 'ರ'. ಪೆನ್ಸಿಲ್ ಹಿಡಿದು ಎಳೆದರೆ ಗೆರೆಯ ಉದ್ದಕ್ಕೂ ರಾಶಿ ಬಿಂದು ಬಿದ್ದು ದುಂಡು ನಡುಗುತ್ತದೆ. ಸಂಘದ ಹಿರಿಯಕ್ಕ ಒಬ್ಬರು ಕೇಳಿದರು, "ಮೇಷ್ಟ್ರೇ, ಎಷ್ಟ್ ತಿದ್ದುದ್ರೂ ಸೊಟ್ಟ ಬರ್ತದಲ್ಲ?"

"ಚುಕ್ಕಿ ಕಮ್ಮಿ ಇಡಿ ಅಕ್ಕ, ಗೆರೆ ತಾನಾಗೇ ಸರಿಹೋಯ್ತದೆ."

ಇಡೀ ವಿದ್ಯೆ ಆ ಮಾತಿನಲ್ಲಿತ್ತು. ಗೆರೆ ದಿಕ್ಕು ಬದಲಿಸುವ ಕಡೆ ಮಾತ್ರ ಬಿಂದು ಇಟ್ಟು, ಅದರ ಎರಡು ಹಿಡಿಕೆಗಳನ್ನು ಎಳೆದು ಬಾಗಿಸಬೇಕು. ಪೂರ್ಣ ವೃತ್ತಕ್ಕೂ ನಾಲ್ಕೇ ಬಿಂದು ಸಾಕು. ತಲೆಕಟ್ಟು ಎಲ್ಲಿ ಮುರಿಯುತ್ತದೆ, ಹೊಟ್ಟೆ ಎಲ್ಲಿಂದ ಉಬ್ಬುತ್ತದೆ ಎಂದು ಮೊದಲು ಕಣ್ಣು ಕಾಣಬೇಕು, ಕೈ ಆಮೇಲೆ. ಹುಟ್ಟಿದಾಗಿನಿಂದ ಓದುತ್ತಿರುವ ಅಕ್ಷರವನ್ನು ನಿಜವಾಗಿ ನೋಡಿದ್ದು ಆಗಲೇ. ಇಂಕ್‌ಸ್ಕೇಪ್ ಉಳಿಸಿದ ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಮಕ್ಕಳಿಗೆ ಅಚ್ಚರಿ: ಅವರ 'ರ' ಅಲ್ಲಿ ಬರೀ ಅಂಕಿಗಳ ಸಾಲು!

ಫ್ಲೆಕ್ಸ್ ಬರುವ ಮುಂಚೆ ನಮ್ಮ ಕಡೆಯ ಅಂಗಡಿ, ಶಾಲೆ, ಲಾರಿಗಳ ಮೇಲೆ ಬ್ರಷ್ಷಿನಲ್ಲಿ ಬರೆಯುತ್ತಿದ್ದವರಿದ್ದರು. ಒಬ್ಬೊಬ್ಬರ 'ಳ'ಕ್ಕೂ ಒಂದೊಂದು ಬಾಲ, ಒಂದೊಂದು ಠೀವಿ. ಆ ಬರಹಗಳ ಮೇಲೆ ಈಗ ಸುಣ್ಣ ಬೀಳುತ್ತಿದೆ. ಅಷ್ಟರೊಳಗೆ ಅವುಗಳ ಫೋಟೋ ತೆಗೆದು, ಇಂಕ್‌ಸ್ಕೇಪಿನಲ್ಲಿ ಅಡಿಗಿಟ್ಟು ತಿದ್ದಿ ಉಳಿಸುವುದು ಈ ಮಕ್ಕಳಿಂದ ಆಗುವ ಕೆಲಸ. ಸಂಘದ ಹಪ್ಪಳದ ಪೊಟ್ಟಣಕ್ಕೂ ಶಾಲೆಯ ಫಲಕಕ್ಕೂ ಆ ಅಕ್ಷರಗಳೇ ಆಗಬಹುದು. ಮುಂದಿನ ಶಿಬಿರಕ್ಕೆ ಬ್ರಷ್ ಹಿಡಿದ ಆ ಹಿರಿಯರನ್ನು ಕರೆಯಬೇಕು, ಮಕ್ಕಳ ಪಕ್ಕದಲ್ಲಿ ಕೂರಿಸಬೇಕು. ಬಿಂದು ಇಡುವುದನ್ನು ಮಕ್ಕಳು ಬಲ್ಲರು. ಎಲ್ಲಿ ಇಡಬೇಕೆಂದು ಬಲ್ಲವರು ಅವರು.